ಲಿನಕ್ಸ್‌ನಲ್ಲಿ ಸರಿಯಾಗಿದ್ದ ಸಾಕೆಟ್ ಕೋಡ್ ವಿಂಡೋಸ್‌ನಲ್ಲಿ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಕಾರ್ಖಾನೆಗಳ ಕರೆಂಟ್ ಮೀಟರ್‌ಗಳಿಂದ ರೀಡಿಂಗ್ ಸಂಗ್ರಹಿಸುವ ಪ್ರೋಗ್ರಾಂ ನಮ್ಮದು, ಪೂರ್ತಿ ಸಿ ಭಾಷೆಯಲ್ಲಿದೆ, ನೆಟ್‌ವರ್ಕ್ ಜೊತೆ ಮಾತಾಡುವುದು ಸಾಕೆಟ್ (ಓಎಸ್ ಕೊಡುವ ನೆಟ್‌ವರ್ಕ್ ಬಾಗಿಲು) ಮೂಲಕ. ಹೆಚ್ಚಿನ ಮೀಟರ್‌ಗಳು ಟಿಸಿಪಿಯಲ್ಲಿ (ಕನೆಕ್ಷನ್ ಕಟ್ಟಿಕೊಂಡು ಮಾತಾಡುವ ರೀತಿ) ನಮ್ಮ ಪೋರ್ಟ್‌ಗೆ ಬಂದು ಸೇರುತ್ತವೆ. ಹಳೆಯ ಕೆಲವಕ್ಕೆ ನಾವೇ ಯುಡಿಪಿಯಲ್ಲಿ (ಕನೆಕ್ಷನ್ ಇಲ್ಲದೆ ಬಿಡಿ ಪ್ಯಾಕೆಟ್ ಕಳಿಸುವ ರೀತಿ) ಕೇಳಿ ಉತ್ತರ ತರಿಸಿಕೊಳ್ಳುತ್ತೇವೆ. ಸೇರಿದ್ದನ್ನೆಲ್ಲ ಮೇಲಿನ ಸರ್ವರ್‌ಗೆ ಕಳಿಸುತ್ತೇವೆ. ಲಿನಕ್ಸ್‌ನಲ್ಲಿ ವರ್ಷಗಳಿಂದ ತಕರಾರಿಲ್ಲದೆ ಓಡುತ್ತಿದೆ. ಈಗ ಒಬ್ಬ ಗ್ರಾಹಕರು ತಮ್ಮ ಆಫೀಸಿನ ವಿಂಡೋಸ್ ಪಿಸಿಯಲ್ಲೇ ಓಡಬೇಕು ಎಂದಿದ್ದಾರೆ. ಮಿನ್‌ಜಿಡಬ್ಲ್ಯು (ವಿಂಡೋಸ್‌ಗೆ ಜಿಸಿಸಿ ಕಂಪೈಲರ್) ಹಾಕಿ, ಹೆಡರ್‌ಗಳನ್ನು ಬದಲಿಸಿ, ಹೇಗೋ ಕಂಪೈಲ್ ಮಾಡಿದೆ. ಆಮೇಲೆ ಶುರುವಾಯ್ತು ನೋಡಿ.

ಮೇಲಿನ ಸರ್ವರ್‌ಗೆ ನಾನ್‌ಬ್ಲಾಕಿಂಗ್ (ಮುಗಿಯುವ ತನಕ ಕಾಯದೆ ವಾಪಸ್ ಬರುವ) ಕನೆಕ್ಟ್ ಮಾಡಿದರೆ ತಕ್ಷಣ ಫೇಲ್ ಆಗುತ್ತದೆ, ಲಾಗ್‌ನಲ್ಲಿ ಬರುವುದು "ಕನೆಕ್ಟ್: ನೋ ಎರರ್" ಎಂದು! ಯುಡಿಪಿ ಉತ್ತರಕ್ಕೆ 5 ಸೆಕೆಂಡ್ ಟೈಮ್‌ಔಟ್ ಕೊಟ್ಟಿದ್ದೇನೆ, ಅಷ್ಟು ಕಾಯುವುದೇ ಇಲ್ಲ. ಒಂದು ಹಳೆಯ ಮೀಟರ್ ರೀಸ್ಟಾರ್ಟ್ ಆದರೆ ಬೇರೆ ಮೀಟರ್‌ನ ರೀಡಿಂಗ್ ಓದುವಾಗ 10054 ಎಂಬ ಎರರ್. ಟಿಸಿಪಿಯಲ್ಲಿ 63 ಮೀಟರ್ ತನಕ ಚೆನ್ನಾಗಿದೆ, 64ನೆಯದು ಕನೆಕ್ಟ್ ಆಗುತ್ತದೆ, ಡೇಟಾ ಬರುವುದಿಲ್ಲ. ಪ್ರೋಗ್ರಾಂ ಅನ್ನು ಅಪ್ಪಿತಪ್ಪಿ ಎರಡು ಸಲ ಓಡಿಸಿದರೆ ಎರಡೂ ಒಂದೇ ಪೋರ್ಟ್ ಹಿಡಿದು ಕೂರುತ್ತವೆ, ಎರರ್ ಇಲ್ಲ. ಸಾಲದು ಅಂತ ಮ್ಯಾನೇಜರ್ ಅವರ ಮ್ಯಾಕ್‌ನಲ್ಲಿ ಡೆಮೊಗೆ ಹಾಕಿದರೆ, ಆ ಕಡೆ ಸರ್ವರ್ ಮುಚ್ಚಿದ ಕೂಡಲೇ ಇಡೀ ಪ್ರೋಗ್ರಾಂ ಸದ್ದಿಲ್ಲದೆ ಸಾಯುತ್ತದೆ.

ಸೀನಿಯರ್ ಒಬ್ಬರು "ಎಲ್ಲಾ ಕಡೆ ಇಫ್‌ಡೆಫ್ ಹಾಕು" ಅಂತಾರೆ, ಅಂದರೆ ಓಎಸ್‌ಗೆ ತಕ್ಕಂತೆ ಬೇರೆ ಬೇರೆ ಕೋಡ್ ಕಂಪೈಲ್ ಆಗುವ ಸಾಲುಗಳು. ಗೆಳೆಯ "ಗೋ ಭಾಷೆಯಲ್ಲಿ ಹೊಸದಾಗಿ ಬರಿ" ಅಂತಾನೆ. ಸಾಕೆಟ್ ಅಂದರೆ ಎಲ್ಲಾ ಕಡೆ ಒಂದೇ ಅಂದುಕೊಂಡಿದ್ದೆ. ಏನು ಮಾಡಲಿ? ಮ್ಯಾನೇಜರ್ ಎಷ್ಟು ದಿನ ಬೇಕು ಅಂತಲೂ ಕೇಳುತ್ತಿದ್ದಾರೆ. ಕೋಡಿನ ಒಂದು ತುಣುಕನ್ನೂ ಜೊತೆಗೆ ಕಳಿಸಿದ್ದೇನೆ.

ಉತ್ತರ: ನಿಮ್ಮ ಚಿಂತೆ ಇಷ್ಟು ಅಂತ ನನಗೆ ಅರ್ಥವಾಗಿದ್ದು: ಕೋಡ್ ತಪ್ಪಿದೆಯೋ, ವಿಂಡೋಸ್ ತಪ್ಪಿದೆಯೋ, ಇಲ್ಲಾ ಇದು ಮುಗಿಯದ ಕೆಲಸವೋ. ಸಮಾಧಾನ ಮಾಡಿಕೊಳ್ಳಿ. ನೀವು ಬರೆದ ಆರೂ ತೊಂದರೆಗಳಿಗೆ ಗೊತ್ತಿರುವ ಕಾರಣಗಳಿವೆ, ಆರಕ್ಕೂ ಪರಿಹಾರ ಇದೆ. ನೆಟ್‌ವರ್ಕ್ ಪ್ರೋಗ್ರಾಂಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವವರೆಲ್ಲ ಹೆಚ್ಚುಕಡಿಮೆ ಇದೇ ಪಟ್ಟಿಯನ್ನು ಹಿಡಿದು ಬರುತ್ತಾರೆ. ನಿಮಗೆ ಆರೂ ಒಟ್ಟಿಗೆ ಸಿಕ್ಕಿವೆ ಅಷ್ಟೇ.

ಮೊದಲು "ಸಾಕೆಟ್ ಎಲ್ಲಾ ಕಡೆ ಒಂದೇ" ಎಂಬ ಮಾತು. ಅರ್ಧ ನಿಜ. ಸಾಕೆಟ್ ಹುಟ್ಟಿದ್ದು ಬರ್ಕ್ಲಿಯಲ್ಲಿ, 1983ರ 4.2ಬಿಎಸ್‌ಡಿ ಯುನಿಕ್ಸ್ ಜೊತೆಗೆ. ಅಲ್ಲಿ ಸಾಕೆಟ್ ಎಂದರೆ ಇನ್ನೊಂದು ಫೈಲ್ ಇದ್ದ ಹಾಗೆ. ಅದೇ ಸಣ್ಣ ಸಂಖ್ಯೆ, ಅದೇ ರೀಡ್, ಅದೇ ರೈಟ್, ಅದೇ ಕ್ಲೋಸ್. ವಿಂಡೋಸ್‌ಗೆ ಇದು ಬಂದಿದ್ದು 90ರ ದಶಕದ ಶುರುವಿನಲ್ಲಿ. ವಿನ್‌ಸಾಕ್ 1.1 (ವಿಂಡೋಸ್‌ನ ಸಾಕೆಟ್ ವ್ಯವಸ್ಥೆ) ಹೊರಬಂದದ್ದು 1993ರ ಜನವರಿಯಲ್ಲಿ. ಆಗಿನ ವಿಂಡೋಸ್ 3.1ರ ಒಳಗೆ ಟಿಸಿಪಿ ಇರಲೇ ಇಲ್ಲ, ಬೇರೆ ಬೇರೆ ಕಂಪನಿಗಳು ತಮ್ಮತಮ್ಮದನ್ನು ಮಾರುತ್ತಿದ್ದವು, ಅವೆಲ್ಲಕ್ಕೂ ಒಂದೇ ಡಿಎಲ್ಎಲ್ (ವಿಂಡೋಸ್‌ನ ಲೈಬ್ರರಿ ಫೈಲ್) ಮುಖ ಬೇಕಿತ್ತು. ಅದಕ್ಕೇ ಶುರುವಿನಲ್ಲಿ ಡಬ್ಲ್ಯುಎಸ್‌ಎಸ್ಟಾರ್ಟಪ್ ಕರೆದು "ನನಗೆ ಈ ವರ್ಷನ್ ಬೇಕು" ಎಂದು ಹೇಳಬೇಕು. ಅದಕ್ಕೇ ಎರರ್ ನಂಬರ್ ಎರ್‌ನೋದಲ್ಲಿ (ಯುನಿಕ್ಸ್ ಎರರ್ ನಂಬರ್ ಇಡುವ ಜಾಗ) ಇರುವುದಿಲ್ಲ. ಅದಕ್ಕೇ ಸಾಕೆಟ್ ಫೈಲ್ ಅಲ್ಲ, ಕ್ಲೋಸ್ ಬದಲು ಕ್ಲೋಸ್‌ಸಾಕೆಟ್. ಸುಮ್ನೆ ಹಟಕ್ಕೆ ಬೇರೆ ಮಾಡಿದ್ದಲ್ಲ. ಯುನಿಕ್ಸ್ ಕಡೆಯಲ್ಲೂ ಎಲ್ಲ ಒಂದೇ ಅಂದುಕೊಳ್ಳಬೇಡಿ, ಯುನಿಕ್ಸ್‌ಗಳಿಗೆಲ್ಲ ಸಾಮಾನ್ಯವಾದ ಪೋಸಿಕ್ಸ್ ಸ್ಟ್ಯಾಂಡರ್ಡ್‌ನ ಮುಖ್ಯ ಪುಸ್ತಕದೊಳಗೆ ಸಾಕೆಟ್ ಬಂದದ್ದು 2001ರ ಆವೃತ್ತಿಯಲ್ಲಿ, ಅಷ್ಟರಲ್ಲಿ ಬಿಎಸ್‌ಡಿ, ಲಿನಕ್ಸ್, ಸೋಲಾರಿಸ್ ಎಲ್ಲ ತಮ್ಮ ತಮ್ಮ ದಾರಿ ಹಿಡಿದಾಗಿತ್ತು. ಮನೆತನ ಒಂದೇ, ಅಣ್ಣ ತಮ್ಮಂದಿರ ಗುಣ ಬೇರೆ ಬೇರೆ.

ಇನ್ನೊಂದು ತಪ್ಪು ನಂಬಿಕೆ: ಮಿನ್‌ಜಿಡಬ್ಲ್ಯು ಹಾಕಿದರೆ ಯುನಿಕ್ಸ್ ಸಾಕೆಟ್ ಸಿಗುತ್ತದೆ ಎನ್ನುವುದು. ಇಲ್ಲ. ಮಿನ್‌ಜಿಡಬ್ಲ್ಯು ಕೊಡುವುದು ಜಿಸಿಸಿ ಕಂಪೈಲರ್ ಮಾತ್ರ, ಕೆಳಗಿರುವುದು ಅದೇ ವಿನ್‌ಸಾಕ್. ಯುನಿಕ್ಸ್ ನಡವಳಿಕೆಯನ್ನು ಅಣಕು ಮಾಡಿ ಕೊಡುವುದು ಸಿಗ್‌ವಿನ್, ಅದು ಬೇರೆ ಸರಕು.

ಹೆಡರ್ ಬದಲಿಸುವುದು, ಡಬ್ಲ್ಯುಎಸ್2_32 ಲೈಬ್ರರಿ ಸೇರಿಸುವುದು, ವಿಂಡೋಸ್.ಎಚ್ ಗಿಂತ ಮೊದಲು ವಿನ್‌ಸಾಕ್2.ಎಚ್ ಹಾಕುವುದು, ಇವೆಲ್ಲ ನೀವು ಆಗಲೇ ದಾಟಿದ್ದೀರಿ. ಅವು ಸುಲಭದವು, ಯಾಕೆಂದರೆ ತಪ್ಪಿದರೆ ಕಂಪೈಲರ್ ಬೈಯುತ್ತದೆ. ಕಷ್ಟ ಕೊಡುವುದು ಕಂಪೈಲ್ ಆಗಿಯೂ ಬೇರೆಯಾಗಿ ನಡೆದುಕೊಳ್ಳುವ ಭಾಗ. ನಿಮ್ಮ ಆರೂ ಆ ಜಾತಿಯವು. ಒಂದೊಂದಾಗಿ ನೋಡೋಣ.

"ಕನೆಕ್ಟ್: ನೋ ಎರರ್" ತಮಾಷೆಯಾಗಿದೆ, ಆದರೆ ಅದರೊಳಗೇ ಉತ್ತರ ಇದೆ. ಲಿನಕ್ಸ್‌ನಲ್ಲಿ ನಾನ್‌ಬ್ಲಾಕಿಂಗ್ ಕನೆಕ್ಟ್ ಮೈನಸ್ ಒಂದು ಕೊಟ್ಟು ಎರ್‌ನೋದಲ್ಲಿ ಇಇನ್‌ಪ್ರೋಗ್ರೆಸ್ ಇಡುತ್ತದೆ. "ಕೆಲಸ ನಡೀತಿದೆ, ಕಾಯಿ" ಎಂದು ಅರ್ಥ. ನಿಮ್ಮ ಕೋಡ್ ಅದನ್ನು ನೋಡಿ ಕಾಯುತ್ತದೆ. ವಿಂಡೋಸ್‌ನಲ್ಲಿ ಎರಡು ವ್ಯತ್ಯಾಸ. ಒಂದು, ವಿನ್‌ಸಾಕ್ ಎರ್‌ನೋವನ್ನು ಮುಟ್ಟುವುದೇ ಇಲ್ಲ, ಅದು ಸೊನ್ನೆಯಾಗೇ ಉಳಿದಿತ್ತು, ಎರರ್ ಸಂದೇಶ ಬರೆಯುವ ಪೆರರ್ ಅದನ್ನೇ ಓದಿ "ನೋ ಎರರ್" ಎಂದಿತು. ನಿಜವಾದ ನಂಬರ್ ಡಬ್ಲ್ಯುಎಸ್‌ಎಗೆಟ್‌ಲಾಸ್ಟ್‌ಎರರ್ ಕರೆದರೆ ಸಿಗುತ್ತದೆ. ಎರಡು, ಆ ನಂಬರ್ ಕೂಡ ಇನ್‌ಪ್ರೋಗ್ರೆಸ್ ಅಲ್ಲ, ಡಬ್ಲ್ಯುಎಸ್‌ಎಇವುಡ್‌ಬ್ಲಾಕ್, ಅಂದರೆ 10035. ಲಿನಕ್ಸ್‌ನಲ್ಲಿ ಕನೆಕ್ಟ್‌ಗೆ ಒಂದು ಹೆಸರು, ರಿಸೀವ್‌ಗೆ ಇನ್ನೊಂದು. ವಿಂಡೋಸ್‌ನಲ್ಲಿ ಎರಡಕ್ಕೂ ಒಂದೇ.

ಹಾಗಾದರೆ ಕಂಪೈಲರ್ ಯಾಕೆ ಸುಮ್ಮನಿತ್ತು? ವಿಂಡೋಸ್‌ನ ಎರ್‌ನೋ ಹೆಡರ್‌ನಲ್ಲಿ ಆ ಹೆಸರುಗಳೂ ಇವೆ, ನಂಬರ್ ಮಾತ್ರ ಬೇರೆ. ಅಲ್ಲಿ ಇವುಡ್‌ಬ್ಲಾಕ್ ಅಂದರೆ 140, ವಿನ್‌ಸಾಕ್ ಕೊಡುವುದು 10035. ಹಾಗಾಗಿ ಡಬ್ಲ್ಯುಎಸ್‌ಎಗೆಟ್‌ಲಾಸ್ಟ್‌ಎರರ್ ಬಳಸಿ, ಹೆಸರು ಮಾತ್ರ ಹಳೆಯದೇ ಇಟ್ಟರೂ ಎಂದಿಗೂ ತಾಳೆಯಾಗುವುದಿಲ್ಲ. ಇಂಥದ್ದು ಒಂದು ಮಧ್ಯಾಹ್ನ ಪೂರ್ತಿ ತಿಂದುಹಾಕುತ್ತದೆ. ಇನ್ನೊಂದು ಎಚ್ಚರಿಕೆ: ಫೇಲ್ ಆದ ಮರುಸಾಲಿನಲ್ಲೇ ನಂಬರ್ ತೆಗೆದಿಟ್ಟುಕೊಳ್ಳಿ. ಮಧ್ಯೆ ಲಾಗ್ ಬರೆದಿರೋ, ಆ ಲಾಗ್ ಫಂಕ್ಷನ್ನೇ ಅದನ್ನು ಅಳಿಸಿರಬಹುದು.

ಇದನ್ನು ಸರಿಮಾಡಿದ ಮೇಲೆ ಮುಂದಿನ ಗುಂಡಿ ಕಾದಿರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಕನೆಕ್ಟ್ ಮುಗಿಯುವುದನ್ನು ಸೆಲೆಕ್ಟ್‌ನ (ಹಲವು ಸಾಕೆಟ್‌ಗಳಲ್ಲಿ ಯಾವುದು ಸಿದ್ಧ ಎಂದು ಹೇಳುವ ಕರೆ) ರೈಟ್ ಪಟ್ಟಿಯಲ್ಲಿ ಕಾಯುತ್ತೀರಿ ಅಲ್ವಾ? ಲಿನಕ್ಸ್‌ನಲ್ಲಿ ಕನೆಕ್ಟ್ ಆದರೂ ರೈಟ್ ಪಟ್ಟಿ, ಆಗದಿದ್ದರೂ ರೈಟ್ ಪಟ್ಟಿ, ಆಮೇಲೆ ಎಸ್‌ಒ_ಎರರ್ ಕೇಳಿ ಯಾವುದು ಎಂದು ತಿಳಿದುಕೊಳ್ಳಬೇಕು. ವಿಂಡೋಸ್‌ನಲ್ಲಿ ಆದರೆ ರೈಟ್ ಪಟ್ಟಿ, ಆಗದಿದ್ದರೆ ಎಕ್ಸೆಪ್ಟ್ ಪಟ್ಟಿ. ಸಾಮಾನ್ಯವಾಗಿ ಯಾರೂ ನೋಡದ ಆ ಮೂರನೇ ಪಟ್ಟಿ. ಅಲ್ಲಿ ಕಣ್ಣಿಡದಿದ್ದರೆ ಸರ್ವರ್ ಇಲ್ಲದಾಗ ಪ್ರೋಗ್ರಾಂ ಟೈಮ್‌ಔಟ್ ಮುಗಿಯುವ ತನಕ ಸುಮ್ಮನೆ ಕೂರುತ್ತದೆ. ಎರಡೂ ಪಟ್ಟಿಗೆ ಹಾಕಿ, ಕೊನೆಗೆ ಎಸ್‌ಒ_ಎರರ್ ಕೇಳಿ, ಈ ಕೋಡ್ ಎಲ್ಲಾ ಕಡೆ ನಡೆಯುತ್ತದೆ. ಮುಚ್ಚಿದ ಪೋರ್ಟ್‌ಗೆ ಕನೆಕ್ಟ್ ಮಾಡಿದರೆ ಲಿನಕ್ಸ್ ಕೂಡಲೇ "ಇಲ್ಲ" ಎನ್ನುತ್ತದೆ, ವಿಂಡೋಸ್ ಮತ್ತೆ ಒಂದೆರಡು ಸಲ ಪ್ರಯತ್ನಿಸಿ ಆಮೇಲೆ ಹೇಳುತ್ತದೆ. ಆ ಒಂದೆರಡು ಸೆಕೆಂಡ್ ತಡಕ್ಕೆ ಗಾಬರಿಯಾಗಬೇಡಿ.

5 ಸೆಕೆಂಡ್ ಟೈಮ್‌ಔಟ್ ಕಥೆ ನನಗೆ ಈ ಎಲ್ಲದರಲ್ಲಿ ತುಂಬಾ ಇಷ್ಟವಾದದ್ದು. ಎಸ್‌ಒ_ಆರ್‌ಸಿವಿಟೈಮಿಯೊ ಆಪ್ಷನ್‌ಗೆ ಯುನಿಕ್ಸ್ ಕಡೆ ಕೊಡಬೇಕಾದ್ದು ಟೈಮ್‌ವಲ್ ಸ್ಟ್ರಕ್ಟ್: ಇಷ್ಟು ಸೆಕೆಂಡ್, ಇಷ್ಟು ಮೈಕ್ರೋಸೆಕೆಂಡ್. ವಿಂಡೋಸ್‌ಗೆ ಬೇಕಾದ್ದು ಒಂದೇ ಸಂಖ್ಯೆ, ಮಿಲಿಸೆಕೆಂಡ್‌ನಲ್ಲಿ. ನೀವು ವಿಂಡೋಸ್‌ಗೂ ಟೈಮ್‌ವಲ್ ಅನ್ನೇ ಕೊಟ್ಟಿದ್ದೀರಿ, 5 ಮತ್ತು 0. ಅದು ಮೊದಲ ನಾಲ್ಕು ಬೈಟ್ ಓದಿತು, 5 ಕಂಡಿತು, 5 ಮಿಲಿಸೆಕೆಂಡ್ ಎಂದುಕೊಂಡಿತು. ಕಾಯ್ದದ್ದು ನಿಮ್ಮ ಕಣ್ಣಿಗೆ ಬೀಳದಿದ್ದದ್ದು ಅದಕ್ಕೇ. ವಿಂಡೋಸ್‌ನ ಸೆಟ್‌ಸಾಕ್‌ಆಪ್ಟ್ ಕೇಳುವುದು ಚಾರ್ ಪಾಯಿಂಟರ್, ಕ್ಯಾಸ್ಟ್ ಮಾಡಿ ಕೊಟ್ಟರೆ ಒಳಗೆ ಏನಿದೆ ಎಂದು ಕಂಪೈಲರ್‌ಗೂ ಗೊತ್ತಾಗುವುದಿಲ್ಲ. ಉಲ್ಟಾ ಮಾಡಿದ್ದರೆ, ಅಂದರೆ ಲಿನಕ್ಸ್‌ಗೆ ನಾಲ್ಕು ಬೈಟ್‌ನ 5000 ಕೊಟ್ಟಿದ್ದರೆ, ಅದು ಅಳತೆ ಚಿಕ್ಕದು ಎಂದು ಎರರ್ ಕೊಡುತ್ತಿತ್ತು. ಸೆಟ್‌ಸಾಕ್‌ಆಪ್ಟ್‌ನ ರಿಟರ್ನ್ ನೋಡುವವರಿಗೆ ಮಾತ್ರ ಕಾಣುತ್ತಿತ್ತು ಅನ್ನಿ, ನಾವು ಎಷ್ಟು ಜನ ನೋಡುತ್ತೇವೆ?

ನನ್ನನ್ನು ಕೇಳಿದರೆ ಈ ಆಪ್ಷನ್ ಅನ್ನೇ ಬಿಟ್ಟುಬಿಡಿ. ಟೈಮ್‌ಔಟ್ ಆದಾಗ ಲಿನಕ್ಸ್ ಕೊಡುವ ಎರರ್ ಒಂದು, ವಿಂಡೋಸ್ ಕೊಡುವುದು 10060, ಇನ್ನೊಂದು. ಅದಕ್ಕಿಂತ ಮುಖ್ಯ, ಹೀಗೆ ಟೈಮ್‌ಔಟ್ ಆದ ಸಾಕೆಟ್‌ನ ಸ್ಥಿತಿ ಏನೆಂದು ಹೇಳಲಾಗದು, ಮತ್ತೆ ಬಳಸಬೇಡಿ ಎಂದು ಮೈಕ್ರೋಸಾಫ್ಟ್‌ನ ದಾಖಲೆಯೇ ಹೇಳುತ್ತದೆ. ಪೋಲ್ (ಸೆಲೆಕ್ಟ್‌ನ ಕೆಲಸವನ್ನೇ ಮಾಡುವ ಇನ್ನೊಂದು ಕರೆ) ಅಥವಾ ಸೆಲೆಕ್ಟ್‌ನಲ್ಲಿ ಸಮಯ ಕೊಟ್ಟು ಕಾಯಿರಿ, ಡೇಟಾ ಬಂದಿದೆ ಎಂದರೆ ಮಾತ್ರ ರಿಸೀವ್ ಕರೆಯಿರಿ. ಸೆಲೆಕ್ಟ್ ಬಳಸುವುದಾದರೆ ಪ್ರತಿ ಸಲವೂ ಟೈಮ್‌ವಲ್ ಅನ್ನು ಹೊಸದಾಗಿ ತುಂಬಿ. ಲಿನಕ್ಸ್ ಅದರಲ್ಲಿ ಉಳಿದ ಸಮಯವನ್ನು ತಿದ್ದಿ ಬರೆಯುತ್ತದೆ, ಬೇರೆಯವು ಮುಟ್ಟುವುದಿಲ್ಲ.

ಯುಡಿಪಿಯ 10054. ಯುಡಿಪಿಗೆ ಕನೆಕ್ಷನ್ನೇ ಇಲ್ಲ, ಮತ್ತೆ "ಕನೆಕ್ಷನ್ ರೀಸೆಟ್" ಹೇಗೆ ಬಂತು ಎಂದು ನೀವು ತಲೆ ಕೆರೆದುಕೊಂಡಿರುತ್ತೀರಿ. ಆಗಿದ್ದು ಇಷ್ಟು. ರೀಸ್ಟಾರ್ಟ್ ಆಗುತ್ತಿದ್ದ ಮೀಟರ್‌ಗೆ ನೀವು ಪ್ಯಾಕೆಟ್ ಕಳಿಸಿದಿರಿ. ಅದರ ನೆಟ್‌ವರ್ಕ್ ಎದ್ದಿತ್ತು, ಆ ಪೋರ್ಟ್‌ನಲ್ಲಿ ಕೇಳುವ ಪ್ರೋಗ್ರಾಂ ಇನ್ನೂ ಎದ್ದಿರಲಿಲ್ಲ. ಅದು "ಈ ಪೋರ್ಟ್‌ನಲ್ಲಿ ಯಾರೂ ಇಲ್ಲ" ಎಂಬ ಐಸಿಎಂಪಿ ಸಂದೇಶ ವಾಪಸ್ ಕಳಿಸಿತು. ನಿಮ್ಮ ಹಾಗೆ ಕನೆಕ್ಟ್ ಮಾಡದ ಯುಡಿಪಿ ಸಾಕೆಟ್ ಆದರೆ ಲಿನಕ್ಸ್ ಅದನ್ನು ಪ್ರೋಗ್ರಾಂಗೆ ತಿಳಿಸುವುದಿಲ್ಲ. ವಿಂಡೋಸ್ ಮುಂದಿನ ರಿಸೀವ್‌ಫ್ರಮ್ ಅನ್ನು 10054 ಕೊಟ್ಟು ಫೇಲ್ ಮಾಡುತ್ತದೆ. ಎಲ್ಲಾ ಹಳೆಯ ಮೀಟರ್‌ಗೂ ನಿಮ್ಮದು ಒಂದೇ ಸಾಕೆಟ್, ಹಾಗಾಗಿ ಒಬ್ಬರ ತಪ್ಪು ಇನ್ನೊಬ್ಬರ ತಲೆಗೆ. ದಾರಿ ಎರಡಿವೆ. ಸಾಕೆಟ್ ತೆರೆದ ಕೂಡಲೇ ಡಬ್ಲ್ಯುಎಸ್‌ಎಐಒಸಿಟಿಎಲ್ ಮೂಲಕ ಎಸ್‌ಐಒ_ಯುಡಿಪಿ_ಕನ್‌ರೀಸೆಟ್ ಅನ್ನು ಆಫ್ ಮಾಡಬಹುದು. ಇಲ್ಲವೇ 10054 ಬಂದರೆ ಲೆಕ್ಕಿಸದೆ ಮತ್ತೆ ಓದಬಹುದು. ನಾನು ಎರಡನ್ನೂ ಮಾಡುತ್ತೇನೆ. ಸಾಕೆಟ್ ಮುಚ್ಚಿ ಮತ್ತೆ ತೆರೆಯುವುದು ಮಾತ್ರ ಬೇಡ, ಆ ಹೊತ್ತಲ್ಲಿ ಬಂದ ಬೇರೆ ಉತ್ತರಗಳು ಕಳೆದುಹೋಗುತ್ತವೆ. ಅಂದಹಾಗೆ ಬಫರ್ ಚಿಕ್ಕದಾಗಿ ಪ್ಯಾಕೆಟ್ ದೊಡ್ಡದಾದರೆ ಲಿನಕ್ಸ್ ಸದ್ದಿಲ್ಲದೆ ಬಾಲ ಕತ್ತರಿಸುತ್ತದೆ, ವಿಂಡೋಸ್ 10040 ಎಂದು ಎರರ್ ಕೊಡುತ್ತದೆ. ಇಲ್ಲಿ ವಿಂಡೋಸ್‌ನ ನಡತೆಯೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

64ನೇ ಮೀಟರ್. ವಿಂಡೋಸ್‌ನಲ್ಲಿ ಎಫ್‌ಡಿ_ಸೆಟ್ ಎಂದರೆ ಸಾಕೆಟ್‌ಗಳ ಪಟ್ಟಿ, ಅದರಲ್ಲಿ ಮಾಮೂಲಿಯಾಗಿ 64 ಜಾಗ. ಕೇಳುವ ಸಾಕೆಟ್ ಒಂದು, ಮೀಟರ್ 63, ಅಲ್ಲಿಗೆ ಮುಗಿಯಿತು. ಪಟ್ಟಿ ತುಂಬಿದ ಮೇಲೆ ಸೇರಿಸಹೊರಟರೆ ಮ್ಯಾಕ್ರೋ ಏನೂ ಹೇಳದೆ ಬಿಟ್ಟುಬಿಡುತ್ತದೆ. ವಿನ್‌ಸಾಕ್ ಹೆಡರ್‌ಗಿಂತ ಮೊದಲು ಎಫ್‌ಡಿ_ಸೆಟ್‌ಸೈಜ್ ಅನ್ನು 512 ಎಂದು ಬರೆದರೆ ಪಟ್ಟಿ ದೊಡ್ಡದಾಗುತ್ತದೆ. ಲಿನಕ್ಸ್‌ನಲ್ಲಿ ನೀವು ಬಚಾವಾದದ್ದು ಅಲ್ಲಿ ಮಿತಿ 1024 ಆಗಿರುವುದರಿಂದ. ಆದರೆ ಅಲ್ಲಿನ ಮಿತಿ ಎಷ್ಟು ಸಾಕೆಟ್ ಎಂಬುದರ ಮೇಲಲ್ಲ, ಸಾಕೆಟ್‌ನ ನಂಬರ್ ಮೇಲೆ. ಫೈಲು, ಲಾಗು ಎಲ್ಲ ಸೇರಿ ನಂಬರ್ 1024 ತಲುಪಿದರೆ ಎಫ್‌ಡಿ_ಸೆಟ್ ಪಕ್ಕದ ಮೆಮೊರಿಯ ಮೇಲೆ ಬರೆಯುತ್ತದೆ. ವಿಂಡೋಸ್‌ನಲ್ಲಿ ಒಂದು ಮೀಟರ್ ಮೌನವಾಗುತ್ತದೆ, ಲಿನಕ್ಸ್‌ನಲ್ಲಿ ಪ್ರೋಗ್ರಾಂ ಎಲ್ಲೋ ಬೇರೆ ಕಡೆ ಬೀಳುತ್ತದೆ. ಯಾವುದು ಜಾಸ್ತಿ ಅಪಾಯ ನೀವೇ ಹೇಳಿ.

ಅದಕ್ಕೆ ಸೆಲೆಕ್ಟ್ ಬಿಟ್ಟು ಪೋಲ್‌ಗೆ ಹೋಗಿ. ಲಿನಕ್ಸ್, ಮ್ಯಾಕ್‌ನಲ್ಲಿ ಪೋಲ್ ಇದೆ, ವಿಂಡೋಸ್‌ನಲ್ಲಿ ವಿಸ್ಟಾದಿಂದ ಡಬ್ಲ್ಯುಎಸ್‌ಎಪೋಲ್ ಇದೆ. ಆದರೆ ಡಬ್ಲ್ಯುಎಸ್‌ಎಪೋಲ್‌ನಲ್ಲಿ ಬಹಳ ವರ್ಷ ಒಂದು ದೋಷ ಇತ್ತು: ಫೇಲ್ ಆದ ಕನೆಕ್ಟ್ ಅನ್ನು ಅದು ತಿಳಿಸುತ್ತಲೇ ಇರಲಿಲ್ಲ. ಸರಿಯಾದದ್ದು ವಿಂಡೋಸ್ 10ರ 2004 ಆವೃತ್ತಿಯಲ್ಲಿ. ಕಾರ್ಖಾನೆಗಳ ಆಫೀಸಿನಲ್ಲಿ ಇನ್ನೂ ವಿಂಡೋಸ್ 7 ಇರುವುದು ನಮಗೆಲ್ಲ ಗೊತ್ತಲ್ಲ. ಹಾಗಾಗಿ ಮೀಟರ್‌ಗಳಿಂದ ಓದಲು ಡಬ್ಲ್ಯುಎಸ್‌ಎಪೋಲ್, ಕನೆಕ್ಟ್ ಕಾಯಲು ಆ ಒಂದೇ ಸಾಕೆಟ್‌ಗೆ ಸೆಲೆಕ್ಟ್, ಹೀಗೆ ಹಂಚಿದರೆ ಹಳೆಯದರಲ್ಲೂ ನಡೆಯುತ್ತದೆ. ಇನ್ನು ವಿಂಡೋಸ್‌ನ ಸೆಲೆಕ್ಟ್, ಪೋಲ್ ಎರಡಕ್ಕೂ ಸಾಕೆಟ್ ಮಾತ್ರ ಗೊತ್ತು. ಕೀಬೋರ್ಡ್, ಪೈಪ್, ಸೀರಿಯಲ್ ಪೋರ್ಟ್ ಯಾವುದನ್ನೂ ಅದರಲ್ಲಿ ಹಾಕಲಾಗದು. ಮುಂದೆ ಆರ್‌ಎಸ್-485 (ಸೀರಿಯಲ್ ತಂತಿ) ಮೀಟರ್ ಸೇರಿಸುವ ಯೋಚನೆ ಇದ್ದರೆ ಅದಕ್ಕೆ ಬೇರೆ ಥ್ರೆಡ್ ಬೇಕಾಗುತ್ತದೆ.

ಒಂದೇ ಪೋರ್ಟ್‌ನಲ್ಲಿ ಎರಡು ಪ್ರೋಗ್ರಾಂ ಕೂತದ್ದು ಎಲ್ಲಕ್ಕಿಂತ ಗಂಭೀರ. ಇದನ್ನು ಮೊದಲು ಸರಿಮಾಡಿ. ಲಿನಕ್ಸ್‌ನಲ್ಲಿ ಎಸ್‌ಒ_ರಿಯೂಸ್‌ಅಡ್ರ್ ಹಾಕುವುದು ಒಳ್ಳೆಯ ಅಭ್ಯಾಸ. ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡುವಾಗ ಹಳೆಯ ಕನೆಕ್ಷನ್‌ಗಳು 60 ಸೆಕೆಂಡ್ ಟೈಮ್‌ವೇಟ್ (ಮುಚ್ಚಿದ ಮೇಲೂ ಉಳಿಯುವ) ಸ್ಥಿತಿಯಲ್ಲಿ ಇರುತ್ತವೆ, ಆ ಹೊತ್ತಿನಲ್ಲೂ ಬೈಂಡ್ (ಪೋರ್ಟ್ ಹಿಡಿಯುವುದು) ಆಗಲಿ ಎಂದು. ಬೇರೆ ಯಾರಾದರೂ ಅದೇ ಪೋರ್ಟ್‌ನಲ್ಲಿ ನಿಜವಾಗಿ ಕೇಳುತ್ತಿದ್ದರೆ ಲಿನಕ್ಸ್ ಬಿಡುವುದಿಲ್ಲ. ವಿಂಡೋಸ್‌ನಲ್ಲಿ ಅದೇ ಹೆಸರಿನ ಆಪ್ಷನ್‌ನ ಅರ್ಥ "ಯಾರು ಬಳಸುತ್ತಿದ್ದರೂ ನನಗೂ ಕೊಡು" ಎಂದು. ಆಮೇಲೆ ಬರುವ ಮೀಟರ್ ಯಾರ ಕೈಗೆ ಹೋಗುತ್ತದೆ ಎಂದು ಹೇಳಲಾಗದು. ಎರಡು ಪ್ರತಿ ಓಡಿದರೆ ಅರ್ಧ ರೀಡಿಂಗ್ ಇಲ್ಲಿ, ಅರ್ಧ ಅಲ್ಲಿ, ಬಿಲ್ಲಿನ ಲೆಕ್ಕ ಹಾಳು. ಇನ್ನೂ ಕೆಟ್ಟದ್ದು, ಆ ಪಿಸಿಯಲ್ಲಿ ಓಡುವ ಇನ್ಯಾವುದೋ ಪ್ರೋಗ್ರಾಂ ನಿಮ್ಮ ಪೋರ್ಟ್‌ಗೆ ಕೈಹಾಕಿ ಡೇಟಾ ಕದಿಯಬಹುದು. ವಿಂಡೋಸ್‌ನಲ್ಲಿ ಇದನ್ನು ತೆಗೆದು ಎಸ್‌ಒ_ಎಕ್ಸ್‌ಕ್ಲೂಸಿವ್‌ಅಡ್ರ್‌ಯೂಸ್ ಹಾಕಿ, ಬೈಂಡ್‌ಗಿಂತ ಮೊದಲು. ರೀಸ್ಟಾರ್ಟ್ ಕಷ್ಟವಾದೀತೇ? ಟೈಮ್‌ವೇಟ್ ವಿಷಯದಲ್ಲಿ ವಿಂಡೋಸ್ ಆಪ್ಷನ್ ಇಲ್ಲದೆಯೇ ಉದಾರಿ. ಆದರೆ ಹಳೆಯ ಕನೆಕ್ಷನ್‌ಗಳು ಇನ್ನೂ ಜೀವಂತ ಇದ್ದರೆ ಬೈಂಡ್ ಫೇಲ್ ಆಗಬಹುದು, ಹಾಗಾಗಿ ನಿಲ್ಲಿಸುವಾಗ ಎಲ್ಲವನ್ನೂ ನೆಟ್ಟಗೆ ಮುಚ್ಚಿ, ಶುರುವಿನಲ್ಲಿ ಕೆಲವು ಸಲ ಪ್ರಯತ್ನಿಸುವ ಲೂಪ್ ಇಡಿ.

ಮ್ಯಾಕ್‌ನಲ್ಲಿ ಸದ್ದಿಲ್ಲದೆ ಸತ್ತದ್ದು ಸಿಗ್‌ಪೈಪ್‌ನಿಂದ. ಆ ಕಡೆ ಮುಚ್ಚಿದ ಸಾಕೆಟ್‌ಗೆ ಬರೆದರೆ ಯುನಿಕ್ಸ್ ಈ ಸಿಗ್ನಲ್ ಕಳಿಸುತ್ತದೆ, ಯಾರೂ ಹಿಡಿಯದಿದ್ದರೆ ಪ್ರೋಗ್ರಾಂ ಅಲ್ಲೇ ಮುಗಿಯುತ್ತದೆ. ಶೆಲ್‌ನಲ್ಲಿ ಎಕ್ಸಿಟ್ ಕೋಡ್ ನೋಡಿ, 141 ಇರುತ್ತದೆ: 128ಕ್ಕೆ ಸಿಗ್ನಲ್ ನಂಬರ್ 13 ಸೇರಿ. ಲಿನಕ್ಸ್‌ನಲ್ಲಿ ನೀವು ಸೆಂಡ್‌ಗೆ ಎಂಎಸ್‌ಜಿ_ನೋಸಿಗ್ನಲ್ ಕೊಟ್ಟು ತಪ್ಪಿಸಿಕೊಂಡಿದ್ದಿರಿ. ನೀವು ಕಳಿಸಿದ ತುಣುಕಿನಲ್ಲಿ ಒಂದು ಸಾಲು ಇದೆ ನೋಡಿ, "ಎಂಎಸ್‌ಜಿ_ನೋಸಿಗ್ನಲ್ ಇಲ್ಲದಿದ್ದರೆ ಅದನ್ನು ಸೊನ್ನೆ ಎಂದುಕೋ" ಎಂದು. ಮ್ಯಾಕ್‌ನಲ್ಲಿ ಕಂಪೈಲರ್ ದೂರಿದಾಗ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ. ದೂರು ನಿಂತಿತು, ರಕ್ಷಣೆಯೂ ಹೋಯಿತು. ಮ್ಯಾಕ್‌ನಲ್ಲಿ ಇದಕ್ಕೆ ಸಾಕೆಟ್ ಮೇಲೇ ಎಸ್‌ಒ_ನೋಸಿಗ್‌ಪೈಪ್ ಹಾಕಬೇಕು. ಪ್ರೋಗ್ರಾಂ ಪೂರ್ತಿ ನಿಮ್ಮದೇ ಆಗಿರುವುದರಿಂದ ಶುರುವಿನಲ್ಲೇ ಸಿಗ್‌ಪೈಪ್ ಅನ್ನು ಇಗ್ನೋರ್ ಮಾಡಿಬಿಟ್ಟರೂ ಸಾಕು. ಬೇರೆಯವರು ಬಳಸುವ ಲೈಬ್ರರಿ ಆಗಿದ್ದರೆ ಹಾಗೆ ಮಾಡಬಾರದಿತ್ತು. ವಿಂಡೋಸ್‌ನಲ್ಲಿ ಈ ಕಾಟ ಇಲ್ಲ.

ನೀವು ಕೇಳದ ಎರಡು ವಿಷಯ, ಅದೇ ತುಣುಕಿನಲ್ಲಿ ಕಂಡದ್ದು. ಮೇಲಿನ ಸರ್ವರ್‌ಗೆ ಇಡೀ ಸ್ಟ್ರಕ್ಟ್ ಅನ್ನೇ ಸೆಂಡ್‌ಗೆ ಕೊಡುತ್ತಿದ್ದೀರಿ, ಅದರೊಳಗೆ ಒಂದು ಲಾಂಗ್ ಇದೆ. 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ ಎಂದರೆ 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4. ಇಲ್ಲಿಯ ತನಕ ಎರಡೂ ಕಡೆ ಲಿನಕ್ಸ್ ಇತ್ತು, ನಡೆಯಿತು. ವಿಂಡೋಸ್ ಪ್ರತಿ ಕಳಿಸುವ ಮೊದಲ ಪ್ಯಾಕೆಟ್‌ನಿಂದಲೇ ಎಲ್ಲಾ ರೀಡಿಂಗ್ ಪಕ್ಕಕ್ಕೆ ಸರಿಯುತ್ತದೆ. ಪ್ರತಿ ಅಂಕಿಯನ್ನೂ ಇಷ್ಟೇ ಬೈಟ್, ಇದೇ ಕ್ರಮ ಎಂದು ನಿಗದಿ ಮಾಡಿ ಬಫರ್‌ಗೆ ಬರೆಯಿರಿ. ಎರಡನೆಯದು, ಅಕ್ಸೆಪ್ಟ್ ಮಾಡಿದ ಸಾಕೆಟ್. ಕೇಳುವ ಸಾಕೆಟ್ ನಾನ್‌ಬ್ಲಾಕಿಂಗ್ ಆಗಿದ್ದರೆ ವಿಂಡೋಸ್, ಮ್ಯಾಕ್‌ನಲ್ಲಿ ಹೊಸದೂ ಹಾಗೇ ಬರುತ್ತದೆ, ಲಿನಕ್ಸ್‌ನಲ್ಲಿ ಬ್ಲಾಕಿಂಗ್ ಆಗಿ ಬರುತ್ತದೆ. ನಿಮಗೆ ಬೇಕಾದ್ದನ್ನು ಪ್ರತಿ ಸಲ ನೀವೇ ಹಾಕಿ. ಸಾಕೆಟ್ ಅನ್ನು ಸೊನ್ನೆಗಿಂತ ಕಡಿಮೆಯೇ ಎಂದು ನೋಡುವುದನ್ನೂ ಬಿಡಿ. ವಿಂಡೋಸ್‌ನ ಸಾಕೆಟ್ ಟೈಪ್‌ಗೆ ಮೈನಸ್ಸೇ ಇಲ್ಲ. ನೀವು ಇಂಟ್‌ನಲ್ಲಿ ಇಟ್ಟಿರುವುದರಿಂದ ಅದೃಷ್ಟಕ್ಕೆ ನಡೆಯುತ್ತಿದೆ.

ಈಗ ದಾರಿ ಯಾವುದು ಎನ್ನುವ ಮಾತು.

ನಿಮ್ಮ ಸೀನಿಯರ್ ಹೇಳಿದ ಇಫ್‌ಡೆಫ್ ಬೇಕೇ ಬೇಕು, ಎಲ್ಲಾ ಕಡೆ ಅಲ್ಲ. ಮೇಲೆ ಹೇಳಿದ ವ್ಯತ್ಯಾಸಗಳನ್ನು ರೀಡಿಂಗ್ ಓದುವ ಕೋಡ್‌ನ ಮಧ್ಯೆ ಮಧ್ಯೆ ತುರುಕಿದರೆ ಆರು ತಿಂಗಳಲ್ಲಿ ಯಾರೂ ಅದನ್ನು ಮುಟ್ಟುವ ಧೈರ್ಯ ಮಾಡುವುದಿಲ್ಲ. ಒಂದು ತೆಳು ಪದರ ಮಾಡಿ. ಒಂದು ಹೆಡರ್, ಕೆಳಗೆ ಎರಡು ಸಿ ಫೈಲ್, ಯುನಿಕ್ಸ್‌ಗೊಂದು, ವಿಂಡೋಸ್‌ಗೊಂದು. ಯಾವುದನ್ನು ಸೇರಿಸಬೇಕು ಎಂದು ಬಿಲ್ಡ್ ನೋಡಿಕೊಳ್ಳಲಿ. ಇಲ್ಲಿ ಬಹಳ ಜನ ಮಾಡುವುದು ಕನೆಕ್ಟ್‌ಗೆ ಒಂದು ಮೈಕನೆಕ್ಟ್, ರಿಸೀವ್‌ಗೆ ಒಂದು ಮೈರಿಸೀವ್ ಎಂದು ಹೊದಿಕೆ ಹಾಕುವುದು. ಅದರಿಂದ ಹೆಸರು ಬದಲಾಗುತ್ತದೆ, ನಡವಳಿಕೆಯ ವ್ಯತ್ಯಾಸ ಹಾಗೇ ಮೇಲಕ್ಕೆ ಸೋರುತ್ತದೆ. ನಿಮ್ಮ ಪ್ರೋಗ್ರಾಂಗೆ ಏನು ಬೇಕೋ ಅದನ್ನು ಪದರ ಕೊಡಬೇಕು: "ಈ ವಿಳಾಸಕ್ಕೆ ಇಷ್ಟು ಸಮಯದೊಳಗೆ ಸೇರು", "ಈ ಪೋರ್ಟ್‌ನಲ್ಲಿ ಒಬ್ಬನೇ ಕೂತು ಕೇಳು", "ಇಷ್ಟು ಬೈಟ್ ಪೂರ್ತಿ ಕಳಿಸು", "ಯಾವುದರಲ್ಲಿ ಡೇಟಾ ಬಂದಿದೆ ಹೇಳು". ಉತ್ತರವೂ ನಿಮ್ಮದೇ ನಾಲ್ಕೈದು ಕೋಡ್‌ನಲ್ಲಿ ಬರಲಿ: ಆಯ್ತು, ಕಾಯಿ, ಸಮಯ ಮೀರಿತು, ಆ ಕಡೆ ಮುಚ್ಚಿದರು, ಕೆಟ್ಟಿತು. ಓಎಸ್ ಕೊಟ್ಟ ಮೂಲ ನಂಬರ್ ಲಾಗ್‌ಗೆ ಮಾತ್ರ ಹೋಗಲಿ. ಅದು ಖಂಡಿತ ಹೋಗಲಿ, ಗ್ರಾಹಕರ ಆಫೀಸಿನಿಂದ ಫೋನ್ ಬಂದಾಗ ಅದೇ ನಿಮ್ಮ ಕಣ್ಣು. ಯುನಿಕ್ಸ್ ಫೈಲ್‌ನಲ್ಲಿ ಇಐಎನ್‌ಟಿಆರ್ (ಸಿಗ್ನಲ್ ಬಂದು ಕರೆ ಅರ್ಧಕ್ಕೆ ನಿಂತಿತು ಎಂಬ ಎರರ್) ಬಂದರೆ ಮತ್ತೆ ಕರೆಯುವುದನ್ನು ಮರೆಯಬೇಡಿ. ಇದರ ಅಪಾಯ ಎಂದರೆ ಪದರವನ್ನು ಎರಡೂ ಕಡೆ ನೀವೇ ಪರೀಕ್ಷಿಸಬೇಕು, ನಿಮ್ಮ ಬದಲು ಲೋಕ ಪರೀಕ್ಷಿಸಿರುವುದಿಲ್ಲ.

ಲೋಕ ಪರೀಕ್ಷಿಸಿರುವುದು ಬೇಕಿದ್ದರೆ ಲಿಬ್‌ಯುವಿ ಇದೆ. 2011ರಲ್ಲಿ ನೋಡ್.ಜೆಎಸ್ ಅನ್ನು ವಿಂಡೋಸ್‌ಗೆ ತರುವ ಕೆಲಸದಲ್ಲಿ ಹುಟ್ಟಿದ ಸಿ ಲೈಬ್ರರಿ. ಬಹಳ ಸಾಕೆಟ್‌ಗಳನ್ನು ಒಟ್ಟಿಗೆ ನೋಡಿಕೊಳ್ಳಲು ಲಿನಕ್ಸ್‌ನಲ್ಲಿ ಇಪೋಲ್, ಮ್ಯಾಕ್‌ನಲ್ಲಿ ಕೆಕ್ಯೂ, ವಿಂಡೋಸ್‌ನಲ್ಲಿ ಐಒಸಿಪಿ, ಮೂರನ್ನೂ ಒಳಗೇ ಬಳಸುತ್ತದೆ. ನಿಮ್ಮ ಆರು ತೊಂದರೆಯಲ್ಲಿ ಹೆಚ್ಚಿನವು ತಾನಾಗೇ ಹೋಗುತ್ತವೆ. ಬೆಲೆ ಏನೆಂದರೆ ಪ್ರೋಗ್ರಾಂನ ಆಕಾರವೇ ಬದಲಾಗುತ್ತದೆ. "ಕಳಿಸು, ಕಾಯಿ, ಓದು" ಎಂದು ಸಾಲಾಗಿ ಬರೆದದ್ದೆಲ್ಲ ಕಾಲ್‌ಬ್ಯಾಕ್‌ಗಳಾಗಬೇಕು (ಡೇಟಾ ಬಂದಾಗ ಲೈಬ್ರರಿಯೇ ಕರೆಯುವ ಫಂಕ್ಷನ್‌ಗಳು). ಸಿ++ ಆಗಿದ್ದರೆ ಏಸಿಯೊ ಲೈಬ್ರರಿ ನೋಡಿ ಎನ್ನುತ್ತಿದ್ದೆ. ನೂರಾರು ಮೀಟರ್ ಸಾವಿರಾರು ಆಗುವ ಲಕ್ಷಣ ಇದ್ದರೆ ಈಗಲೇ ಲಿಬ್‌ಯುವಿಗೆ ಹೋಗಿ, ಇಲ್ಲದಿದ್ದರೆ ತೆಳು ಪದರ ಸಾಕು.

ಡಬ್ಲ್ಯುಎಸ್ಎಲ್ (ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಏರ್ಪಾಡು) ಹಾಕಿ ಲಿನಕ್ಸ್ ಪ್ರತಿಯನ್ನೇ ಓಡಿಸುವ ಆಸೆ ನಿಮಗೂ ಬಂದಿರಬಹುದು. ಡೆವಲಪ್‌ಮೆಂಟ್‌ಗೆ ಬಹಳ ಚೆನ್ನ. ಗ್ರಾಹಕರ ಪಿಸಿಗೆ ಬೇಡ. ಡಬ್ಲ್ಯುಎಸ್ಎಲ್ 2 ಮಾಮೂಲಿಯಾಗಿ ವಿಳಾಸ ಬದಲಿಸುವ ನ್ಯಾಟ್‌ನ ಹಿಂದೆ ಇರುತ್ತದೆ, ಹೊರಗಿನ ಮೀಟರ್ ನೇರವಾಗಿ ಒಳಗಿನ ಪೋರ್ಟ್‌ಗೆ ಬರಲಾಗದು, ಫಾರ್ವರ್ಡ್ ಮಾಡುವ ಏರ್ಪಾಡು ಬೇಕು, ಅದನ್ನು ಆ ಆಫೀಸಿನಲ್ಲಿ ಯಾರು ನೋಡಿಕೊಳ್ಳುತ್ತಾರೆ? ಸಿಗ್‌ವಿನ್‌ನಲ್ಲಿ ಆ ತೊಂದರೆ ಇಲ್ಲ, ಒಂದು ಡಿಎಲ್ಎಲ್ ಜೊತೆಗೆ ಕೊಂಡೊಯ್ಯಬೇಕು, ಸ್ವಲ್ಪ ನಿಧಾನ. ಅರ್ಜೆಂಟಿಗೆ ಡೆಮೊ ತೋರಿಸಲು ಅದು ಪರವಾಗಿಲ್ಲ.

ಗೋ ಭಾಷೆ ಬಗ್ಗೆ ನಿಮ್ಮ ಗೆಳೆಯ ಸುಳ್ಳೇನೂ ಹೇಳಿಲ್ಲ. ಅದರ ನೆಟ್ ಪ್ಯಾಕೇಜ್ ಈ ಗಲಾಟೆಯನ್ನು ಬಹುಪಾಲು ಮುಚ್ಚಿಡುತ್ತದೆ, ಲಿನಕ್ಸ್‌ನಲ್ಲಿ ಕೂತೇ ವಿಂಡೋಸ್ ಇಎಕ್ಸ್‌ಇ ಮಾಡಬಹುದು. ಆದರೆ ನಿಮ್ಮಲ್ಲಿ ಬೆಲೆಬಾಳುವುದು ಸಾಕೆಟ್ ಕೋಡ್ ಅಲ್ಲ, ಬಗೆಬಗೆಯ ಮೀಟರ್‌ಗಳ ಪ್ರೋಟೋಕಾಲ್ ಬಿಡಿಸುವ ಕೋಡ್. ವರ್ಷಗಳ ಕಾಲ ಒಂದೊಂದು ಕಂಪನಿಯ ಮೀಟರ್‌ನ ವಕ್ರತೆ ಕಲಿತು ತಿದ್ದಿದ್ದು. ಅದನ್ನು ಹೊಸದಾಗಿ ಬರೆದರೆ ಆ ವಕ್ರತೆಗಳನ್ನೆಲ್ಲ ಮತ್ತೆ ಗ್ರಾಹಕರ ಖರ್ಚಿನಲ್ಲಿ ಕಲಿಯಬೇಕು. ಹೊಸ ಪ್ರಾಡಕ್ಟ್ ಆದರೆ ಗೋ, ಇದಕ್ಕೆ ಬೇಡ. ಪೈಥಾನ್ ಯೋಚನೆಯಿದ್ದರೆ ತಿಳಿದಿರಲಿ, ಅದರ ಸಾಕೆಟ್ ಮಾಡ್ಯೂಲ್ ತೆಳುವಾದ ಹೊದಿಕೆ ಅಷ್ಟೇ. ರಿಯೂಸ್‌ಅಡ್ರ್‌ನ ಸಮಸ್ಯೆ, 10054, ಸೆಲೆಕ್ಟ್‌ಗೆ ಸಾಕೆಟ್ ಮಾತ್ರ ಎಂಬುದು, ಎಲ್ಲ ಅಲ್ಲೂ ಎದುರಾಗುತ್ತವೆ.

ಪರೀಕ್ಷೆ ಮಾಡುವಾಗ ಒಂದೇ ಪಿಸಿಯೊಳಗೆ ಎರಡೂ ತುದಿ ಇಟ್ಟು ನೋಡಿ ತೃಪ್ತಿಪಡಬೇಡಿ. ಲೂಪ್‌ಬ್ಯಾಕ್‌ನಲ್ಲಿ ಪ್ರತಿ ಸೆಂಡ್‌ಗೂ ಒಂದು ರಿಸೀವ್ ಎಂಬಂತೆ ಡೇಟಾ ನೀಟಾಗಿ ಬರುತ್ತದೆ, ಕಾರ್ಖಾನೆಯ ವೈಫೈನಲ್ಲಿ ಅದೇ ಸಂದೇಶ ಮೂರು ತುಂಡಾಗಿ ಬರುತ್ತದೆ. ಒಂದೊಂದೇ ಬೈಟ್ ಕಳಿಸುವ ಸುಳ್ಳು ಮೀಟರ್ ಒಂದು ಬರೆದಿಡಿ, ಅರ್ಧಕ್ಕೆ ಕತ್ತರಿಸುವುದು, ಉತ್ತರ ಕೊಡದೆ ಕೂರುವುದು, ಪೋರ್ಟ್ ಮುಚ್ಚಿರುವುದು, ಇವನ್ನೂ ಅದಕ್ಕೆ ಕಲಿಸಿ. ಒಟ್ಟಿಗೆ 100 ಸುಳ್ಳು ಮೀಟರ್ ಓಡಿಸಿ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರೂ ಸಿಗುತ್ತವೆ, ಪ್ರತಿ ಬದಲಾವಣೆಗೂ ಮೂರರಲ್ಲೂ ಓಡಲಿ. ವಿಂಡೋಸ್‌ನಲ್ಲಿ ನಿಜವಾದ ಗ್ರಾಹಕರ ಥರ ಸರ್ವಿಸ್ ಆಗಿ ಹಾಕಿ ನೋಡಿ. ನೀವು ಕೈಯಾರೆ ಓಡಿಸಿದಾಗ ಫೈರ್‌ವಾಲ್ ಒಂದು ಕಿಟಕಿ ತೆರೆದು ಅನುಮತಿ ಕೇಳುತ್ತದೆ, ಸರ್ವಿಸ್ ಆದಾಗ ಕೇಳಲು ಯಾರೂ ಇರುವುದಿಲ್ಲ, ಮೀಟರ್‌ಗಳು ಹೊರಗೇ ನಿಲ್ಲುತ್ತವೆ. ಇನ್‌ಸ್ಟಾಲರ್‌ನಲ್ಲೇ ಫೈರ್‌ವಾಲ್ ನಿಯಮ ಸೇರಿಸಿ.

ಮ್ಯಾನೇಜರ್ ಕೇಳಿದ ದಿನಗಳ ಲೆಕ್ಕ: ಎಕ್ಸ್‌ಕ್ಲೂಸಿವ್ ಆಪ್ಷನ್ ಮತ್ತು ಸಿಗ್‌ಪೈಪ್ ಇವತ್ತೇ ಮುಗಿಯುತ್ತವೆ. ಪದರ ಬರೆದು ಹಳೆಯ ಕೋಡ್ ಅನ್ನು ಅದರ ಮೇಲೆ ಕೂರಿಸಲು ಒಬ್ಬರಿಗೆ ಒಂದರಿಂದ ಎರಡು ವಾರ, ಸುಳ್ಳು ಮೀಟರ್ ಮತ್ತು ಪರೀಕ್ಷೆಗೆ ಅಷ್ಟೇ ಇನ್ನೊಂದು. ಸ್ಟ್ರಕ್ಟ್ ಕಳಿಸುವುದನ್ನು ಬದಲಿಸುವ ಮುಂಚೆ ಮೇಲಿನ ಸರ್ವರ್ ನೋಡಿಕೊಳ್ಳುವವರ ಜೊತೆ ಕೂತು ಮಾತಾಡಿ. ಅವರ ಕಡೆಯ ಬದಲಾವಣೆಗೆ ಎಷ್ಟು ದಿನ ಎನ್ನುವುದು ನಿಮ್ಮ ಕೈಲಿಲ್ಲ, ಮ್ಯಾನೇಜರ್‌ಗೆ ಕೊಡುವ ತಾರೀಖಿನಲ್ಲಿ ಅದನ್ನು ಬೇರೆ ಸಾಲಾಗಿಯೇ ತೋರಿಸಿ.